ತೋಳಿನ ಮೂಳೆಗೆ ರಾಡೋ, ಪ್ಲೇಟೋ?

ಶಿರಸಿ ಕಡೆಯ ಅಡಿಕೆ ಬೆಳೆಗಾರ ನಾನು. ಬೈಕ್ ಜಾರಿ ಎಡತೋಳಿನ ಮೂಳೆ ನಡುಮಧ್ಯಕ್ಕೆ ಮುರಿದಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಪ್ಲೇಟ್, ಅಂದರೆ ಮೂಳೆಯ ಮೇಲೆ ಸ್ಕ್ರೂ ಹಾಕಿ ಕೂರಿಸುವ ಲೋಹದ ಪಟ್ಟಿ, ಹಾಕಿಸಿಕೊಂಡೆ. ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಅದಕ್ಕೂ ಮೊದಲೇ, ಬೇರೆ ಊರಿನಲ್ಲಿ, ಅಂಥದೇ ಮುರಿತಕ್ಕೆ ಮೂಳೆಯೊಳಗೆ ರಾಡ್, ಅಂದರೆ ಲೋಹದ ಸರಳು, ಕೂರಿಸಿದ್ದರು. ಎರಡನ್ನೂ ಹತ್ತಿರದಿಂದ ನೋಡಿದ್ದೇನೆ.

ರಾಡ್ ನೋಡಲು ಸುಲಭದ ಚಿಕಿತ್ಸೆ. ಭುಜದ ಬಳಿ ಸಣ್ಣ ಗಾಯ, ಸ್ಕ್ರೂಗಳಿಗೆ ಇನ್ನೆರಡು ಚಿಕ್ಕ ತೂತು, ರಕ್ತ ಹೋಗುವುದೂ ಕಡಿಮೆ. ಮೂಳೆ ಎರಡು ಕಡೆ ಮುರಿದಿದ್ದರೆ, ಕ್ಯಾನ್ಸರಿನಿಂದ ಟೊಳ್ಳಾಗಿ ಮುರಿದಿದ್ದರೆ ಅದೇ ಒಳ್ಳೆಯದು. ಆದರೆ ಆ ಸರಳು ಒಳಗಿಳಿಯುವುದು ತೋಳು ಎತ್ತುವ ಭುಜದ ಸ್ನಾಯುವನ್ನು ಸೀಳಿಕೊಂಡೇ. ಭುಜನೋವು ಈ ವಿಧಾನಕ್ಕೆ ಅಂಟಿಕೊಂಡ ದೂರು. ಕೊನೆಗೌಡನ ಮೂಳೆ ಚೆನ್ನಾಗಿ ಕೂಡಿತು, ಕೈ ಮಾತ್ರ ಕಿವಿಯಿಂದ ಮೇಲೆ ಹೋಗಲಿಲ್ಲ. ಮರದ ತುದಿಯಲ್ಲಿ ಕೈ ಚಾಚಿ ಕೊನೆ ಕೊಯ್ಯುತ್ತಿದ್ದವನು ಈಗ ಬುಡದಲ್ಲಿ ನಿಂತು ಹಗ್ಗ ಹಿಡಿಯುತ್ತಾನೆ. ನಿನ್ನ ಕಸುಬು ಏನು ಎಂದು ಆ ಆಸ್ಪತ್ರೆಯಲ್ಲಿ ಒಬ್ಬರೂ ಅವನನ್ನು ಕೇಳಿರಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಪ್ಲೇಟ್‌ಗೆ ಗಾಯ ದೊಡ್ಡದು. ನನ್ನ ತೋಳಿನ ಹಿಂಬದಿಯಲ್ಲಿ ಗೇಣುದ್ದದ ಕಲೆಯಿದೆ. ಭುಜದ ಗಂಟಿನ ತಂಟೆಗೆ ಹೋಗುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಅಪಾಯ ಇರುವುದು ಮಣಿಕಟ್ಟು, ಬೆರಳು ಎತ್ತಿಸುವ ರೇಡಿಯಲ್ ನರಕ್ಕೆ. ಮರಕ್ಕೆ ಸುತ್ತಿದ ಮೆಣಸಿನ ಬಳ್ಳಿಯಂತೆ ಅದು ಮೂಳೆಯನ್ನು ಬಳಸಿಕೊಂಡು ಇಳಿಯುತ್ತದೆ. ಜಗ್ಗಿದರೆ ಮಣಿಕಟ್ಟು ಜೋತು ಬೀಳುತ್ತದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದಾದರೂ ಅಷ್ಟು ದಿನ ಲೋಟ ಹಿಡಿಯುವುದೂ ಕಷ್ಟ. ನನ್ನ ಡಾಕ್ಟರು ಆಪರೇಷನ್ನಿಗೆ ಮೊದಲು ಮಣಿಕಟ್ಟು, ಹೆಬ್ಬೆರಳು ಎತ್ತಿಸಿ ನೋಡಿ ಬರೆದುಕೊಂಡರು. ಅರಿವಳಿಕೆ ಇಳಿದ ಮೇಲೆ ಮತ್ತೆ ಎತ್ತಿಸಿದರು. ಈ ಆಸ್ಪತ್ರೆಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದಕ್ಕೆ. ಆದರೆ ಅಲ್ಲಿನ ಫಿಸಿಯೋಥೆರಪಿ ಏನೇನೂ ಸಾಲದು: ಚಿತ್ರವಿದ್ದ ಒಂದು ಹಾಳೆ ಕೈಗಿಟ್ಟು ಕಳಿಸಿದರು.

ಎರಡು ಚಿಕ್ಕ ಗಾಯ ಮಾಡಿ, ತೋಳಿನ ಮುಂಬದಿಯಿಂದ ಸ್ನಾಯುವಿನಡಿ ಪ್ಲೇಟ್ ತೂರಿಸುವ ಮಿಪೋ ಎಂಬ ವಿಧಾನವೂ ಇದೆ. ಮುರಿದ ಜಾಗವನ್ನು ಬಿಚ್ಚದ ಕಾರಣ ಅಲ್ಲಿನ ರಕ್ತಸಂಚಾರ ಉಳಿಯುತ್ತದೆ. ಅದಕ್ಕೆ ಪಳಗಿದ ಕೈ ಬೇಕು, ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರವೂ ಬೇಕು.

ಇವೆಲ್ಲಕ್ಕೂ ಮೊದಲು ಆಪರೇಷನ್ ಬೇಕೇಬೇಕೇ ಎಂದು ಕೇಳಿ. ಸಾರ್ಮಿಯೆಂಟೊ ಎಂಬ ವೈದ್ಯರು 1977ರಲ್ಲಿ ವಿವರಿಸಿದ, ತೋಳಿಗೆ ಹೊರಗಿನಿಂದ ಕಟ್ಟುವ ಪ್ಲಾಸ್ಟಿಕ್ ಬ್ರೇಸ್‌ನಲ್ಲೇ ಬಹಳ ಮುರಿತಗಳು ಕೂಡುತ್ತವೆ. ಫಿನ್‌ಲ್ಯಾಂಡಿನವರು ಪ್ಲೇಟ್ ಮತ್ತು ಬ್ರೇಸ್ ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ಹೊತ್ತಿಗೆ ಕೈಯ ಕೆಲಸದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಬ್ರೇಸ್ ಹಾಕಿದ ಹತ್ತರಲ್ಲಿ ಸುಮಾರು ಮೂವರಿಗೆ ಕೊನೆಗೆ ಆಪರೇಷನ್ನೇ ಬೇಕಾಯಿತು. ಕೊಯ್ಲಿನ ಹಂಗಾಮು ಎದುರಿಗಿದ್ದ ನನಗೆ ಅಷ್ಟು ಕಾಯುವ ಅನುಕೂಲ ಇರಲಿಲ್ಲ. ಮರ ಹತ್ತುವವರು, ಗಾರೆ ಕೆಲಸದವರು, ಬಣ್ಣ ಬಳಿಯುವವರು ಡಾಕ್ಟರ ಮುಂದೆ ಕೂತಾಗ ಮೊದಲು ಕಸುಬು ಹೇಳಿ, ಆಮೇಲೆ ಎಕ್ಸ್‌ರೇ ಕೊಡಿ.

ಪ್ಲೇಟ್ ತೆಗೆಸಿದಿರಾ ಎಂದು ಬಹಳ ಜನ ಕೇಳುತ್ತಾರೆ. ತೊಂದರೆ ಕೊಡದಿದ್ದರೆ ತೆಗೆಸುವ ಅಗತ್ಯವಿಲ್ಲ. ತೆಗೆಯಲು ಹೋದರೆ ಅದೇ ದಾರಿಯಲ್ಲಿ ಮತ್ತೆ ಕೊಯ್ದು, ಗಡುಸಾದ ಕಲೆಯೊಳಗೆ ನರ ಹುಡುಕಬೇಕು. ನಾನು ಹಾಗೇ ಬಿಟ್ಟಿದ್ದೇನೆ.