ಡಾಫ್ಟಾಕ್ಸ್‌ಕಿಟ್ ಎಫ್ ಮ್ಯಾಗ್ನಾ: ಸಾಕುವ ಕಾಟ ತಪ್ಪುತ್ತದೆ, ಬೆಳಕಿನ ಲೆಕ್ಕ ತಪ್ಪುವುದಿಲ್ಲ

ನೀರುಚಿಗಟದ (ಡಾಫ್ನಿಯಾ ಎಂಬ ಸಿಹಿನೀರಿನ ಪುಟ್ಟ ಜೀವಿಯ) ಮೇಲೆ ರಾಸಾಯನಿಕದ ವಿಷ ಎಷ್ಟೆಂದು 48 ಗಂಟೆಯಲ್ಲಿ ಅಳೆಯುವುದು ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಆ ಚಿಗಟವನ್ನು ವರ್ಷವಿಡೀ ಸಾಕುವುದರಲ್ಲಿ. ಅದಕ್ಕೆ ತಿನ್ನಲು ಪಾಚಿ ಬೆಳೆಸಬೇಕು, ವಾರಕ್ಕೆ ಎರಡು ಮೂರು ಸಲ ನೀರು ಬದಲಿಸಬೇಕು, ತಾಯಿಗಳ ವಯಸ್ಸು ಬರೆದಿಡಬೇಕು, ಹಬ್ಬದ ರಜೆಯಲ್ಲೂ ಒಬ್ಬರು ಬಂದು ನೋಡಬೇಕು. ತಿಂಗಳಿಗೆ ಒಂದೋ ಎರಡೋ ಪರೀಕ್ಷೆ ಬರುವ ಪ್ರಯೋಗಾಲಯಕ್ಕೆ ಇಷ್ಟು ದುಡಿಮೆ ಗಿಟ್ಟುವುದಿಲ್ಲ. ಡಾಫ್ಟಾಕ್ಸ್‌ಕಿಟ್ ಹುಟ್ಟಿದ್ದೇ ಈ ತೊಂದರೆಗೆ ಉತ್ತರವಾಗಿ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದಲ್ಲಿ ಗೀಡೋ ಪರ್ಸೂನೆ ಅವರ ತಂಡ ಬೆಳೆಸಿದ ವಿಧಾನವಿದು; ಈಗ ಮೈಕ್ರೋಬಯೋಟೆಸ್ಟ್ಸ್ ಸಂಸ್ಥೆ ಇದನ್ನು ಮಾಡಿ ಮಾರುತ್ತದೆ. ಜೀವಂತ ಚಿಗಟದ ಬದಲು ಡಾಫ್ನಿಯಾ ಮ್ಯಾಗ್ನಾದ ಸುಪ್ತ ಮೊಟ್ಟೆಗಳನ್ನು ಪುಟ್ಟ ಟ್ಯೂಬಿನಲ್ಲಿ ತುಂಬಿ ಕಳಿಸುತ್ತಾರೆ. ಬೇಕಾದಾಗ ಮರಿ ಮಾಡಿಕೊಳ್ಳಬಹುದು.

ಮೊದಲೇ ತೀರ್ಪು ಹೇಳಿಬಿಡುತ್ತೇವೆ: ತಿಂಗಳಿಗೆ ಒಂದೆರಡು ಪರೀಕ್ಷೆ ಮಾಡುವವರಿಗೆ ಇದು ಕೊಂಡುಕೊಳ್ಳಬೇಕಾದ ಸಾಮಾನು. ಆದರೆ ಕಿಟ್‌ನ ಡಬ್ಬಿಯಲ್ಲಿ ಬಾರದ ಎರಡು ವಸ್ತು, ಅಂದರೆ ಸರಿಯಾದ ಬೆಳಕು ಮತ್ತು ತಂಪು ಮಾಡಬಲ್ಲ ಇನ್‌ಕ್ಯುಬೇಟರ್ (ತಾಪ ಒಂದೇ ಸಮ ಇಡುವ ಪೆಟ್ಟಿಗೆ), ನಿಮ್ಮಲ್ಲಿ ಇಲ್ಲದಿದ್ದರೆ ಕೊಳ್ಳಬೇಡಿ.

ಡಬ್ಬಿಯಲ್ಲಿ ಆರು ಪೂರ್ಣ ಪರೀಕ್ಷೆಗೆ ಬೇಕಾದ ಸಾಮಾನು ಇರುತ್ತದೆ. ಸುಪ್ತ ಮೊಟ್ಟೆಯ ಟ್ಯೂಬುಗಳು, ನೀರು ತಯಾರಿಸುವ ಲವಣದ ಗಟ್ಟಿ ದ್ರಾವಣಗಳು, ಸಣ್ಣ ಜರಡಿ, ಮರಿ ಮಾಡುವ ಪೆಟ್ರಿ ತಟ್ಟೆಗಳು, 30 ಗುಳಿಗಳ ಪ್ಲಾಸ್ಟಿಕ್ ಫಲಕಗಳು, ಪ್ಯಾರಾಫಿಲ್ಮ್ (ಮೇಣದಂಥ ಹಾಳೆಯ) ಪಟ್ಟಿ, ಪಿಪೆಟ್, ಸ್ಪೈರುಲಿನಾ ಪಾಚಿಯ ಪುಡಿ. ಭಟ್ಟಿ ಇಳಿಸಿದ ಅಥವಾ ಡೀಅಯಾನೈಸ್ ಮಾಡಿದ (ಲವಣ ತೆಗೆದ) ನೀರು, ಫ್ಲಾಸ್ಕು, ಗಾಳಿ ಊದುವ ಪಂಪು ನಿಮ್ಮದು.

ನೀರಿನಿಂದ ಶುರು ಮಾಡೋಣ. ನಾಲ್ಕು ಲವಣ ಸೇರಿ ಆಗುವುದು ಐಎಸ್‌ಒ 6341ರ, ಅಂದರೆ ಡಾಫ್ನಿಯಾ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡದ, ಪ್ರಮಾಣಿತ ಸಿಹಿನೀರು. ಲೀಟರಿಗೆ 294 ಮಿ.ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, 123.25 ಮಿ.ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್, 64.75 ಮಿ.ಗ್ರಾಂ ಸೋಡಿಯಂ ಬೈಕಾರ್ಬನೇಟ್, 5.75 ಮಿ.ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಗಡಸುತನ ಸುಮಾರು 250 ಮಿ.ಗ್ರಾಂ, ಪಿಎಚ್ 7.8ರ ಆಸುಪಾಸು. ಕಿಟ್‌ನ ಲವಣ ಮುಗಿದರೂ ಈ ಅಳತೆ ಇಟ್ಟುಕೊಂಡು ನೀವೇ ಮಾಡಿಕೊಳ್ಳಬಹುದು. ಇಲ್ಲಿ ಕೆಡುವುದು ಲವಣದಿಂದಲ್ಲ, ಮೂಲ ನೀರಿನಿಂದ. ಡೀಅಯಾನೈಸರ್‌ನ ದಾರಿಯಲ್ಲಿ ಎಲ್ಲೋ ತಾಮ್ರದ ಕೊಳವೆಯೋ ಹಿತ್ತಾಳೆಯ ನಲ್ಲಿಯೋ ಇದ್ದರೆ ಸಾಕು, ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರಕ್ಕೇ ಚಿಗಟ ಬೀಳುತ್ತದೆ. ರಾಸಾಯನಿಕ ಹಾಕದ ನಿಯಂತ್ರಣ ಸಾಲಿನ ಮರಿಗಳೇ ಕೂತುಬಿಟ್ಟರೆ ಮೊಟ್ಟೆಯನ್ನು ಬೈಯುವ ಮೊದಲು ನೀರನ್ನು ಅನುಮಾನಿಸಿ. ನೀರು ಕಲಸಿದ ಮೇಲೆ ಕನಿಷ್ಠ ಕಾಲು ಗಂಟೆ ಗಾಳಿ ಊದಬೇಕು. ಹಿಂದಿನ ದಿನವೇ ಮಾಡಿ ರಾತ್ರಿಯಿಡೀ ಬಿಟ್ಟರೆ ಪಿಎಚ್ ಇನ್ನೂ ಚೆನ್ನಾಗಿ ನೆಲೆಗೊಳ್ಳುತ್ತದೆ.

ಟ್ಯೂಬಿನಿಂದ ಜರಡಿಗೆ ಸುರಿದಾಗ ಕಾಣುವುದು ಒಂದು ಮಿಲಿಮೀಟರ್ ಆಸುಪಾಸಿನ, ಕುದುರೆಯ ಜೀನಿನ ಆಕಾರದ ಕಪ್ಪು ಚಿಪ್ಪುಗಳು. ಇವೇ ಎಫಿಪ್ಪಿಯಾ. ಒಂದೊಂದು ಚಿಪ್ಪಿನೊಳಗೆ ಹೆಚ್ಚೆಂದರೆ ಎರಡು ಮೊಟ್ಟೆ. ಶೇಖರಣೆಯ ದ್ರಾವಣ ಹೋಗುವಂತೆ ಚೆನ್ನಾಗಿ ತೊಳೆಯಬೇಕು. ಕೈಪಿಡಿ ನಲ್ಲಿ ನೀರು ಸಾಕು ಅನ್ನುತ್ತದೆ. ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವ ನಗರದ ನಲ್ಲಿಯಾದರೆ ಕೊನೆಯ ಒಂದು ಸಲವಾದರೂ ಪ್ರಮಾಣಿತ ನೀರಿನಲ್ಲೇ ತೊಳೆಯಿರಿ ಎಂಬುದು ನಮ್ಮ ಸಲಹೆ. ಚಿಪ್ಪು ಗಟ್ಟಿಯೇ, ಆದರೆ ಹೊರಬರುವ ಮರಿ ಅಲ್ಲ.

ಇನ್ನು ಬೆಳಕು. ಈ ಕಿಟ್ ಸೋಲುವ ಮೊದಲ ಜಾಗ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಸುಪ್ತಾವಸ್ಥೆ ಮುರಿಯಲು ಮೊಟ್ಟೆಗೆ ಬೆಳಕೇ ಸಂಕೇತ. 20ರಿಂದ 22 ಡಿಗ್ರಿಯಲ್ಲಿ, 72 ಗಂಟೆ ಎಡೆಬಿಡದೆ, ತಟ್ಟೆಯ ಮುಚ್ಚಳದ ಮೇಲೆ ಕನಿಷ್ಠ 6000 ಲಕ್ಸ್ (ಬೆಳಕಿನ ಅಳತೆ) ಬೀಳಬೇಕು. ಮಾಮೂಲಿ ಕಚೇರಿಯ ಮೇಜಿನ ಮೇಲೆ ಇರುವುದು 300ರಿಂದ 500 ಲಕ್ಸ್. ಕಣ್ಣಿಗೆ ‘ಚೆನ್ನಾಗಿ ಬೆಳಕಿದೆ’ ಅನಿಸಿದ ಜಾಗದಲ್ಲಿ ಬೇಕಾದ್ದರ ಹತ್ತನೇ ಒಂದು ಪಾಲೂ ಇರುವುದಿಲ್ಲ. ಮೊಬೈಲ್ ಆಪ್ ನಂಬಬೇಡಿ, ಲಕ್ಸ್‌ಮೀಟರ್ ಎರವಲು ತಂದಾದರೂ ಅಳೆಯಿರಿ. ತಟ್ಟೆ ಇಡುವ ಎತ್ತರದಲ್ಲೇ ಅಳೆಯಿರಿ. ಬೆಳಕು ಹೆಚ್ಚಿಸಲು ದೀಪವನ್ನು ಹತ್ತಿರ ತಂದರೆ ಇನ್ನೊಂದು ತೊಂದರೆ: ಮುಚ್ಚಿದ ತಟ್ಟೆ ಬಿಸಿಯಾಗುತ್ತದೆ. ಇನ್‌ಕ್ಯುಬೇಟರ್‌ನ ಮುಖದ ಮೇಲೆ 21 ಡಿಗ್ರಿ ಎಂದಿದ್ದರೂ ತಟ್ಟೆಯ ನೀರು 25 ದಾಟಿರಬಹುದು. ಮೊಟ್ಟೆ ಹಾಕದ ಒಂದು ತಟ್ಟೆಯಲ್ಲಿ ನೀರು ತುಂಬಿ, ತೆಳು ಥರ್ಮಾಮೀಟರ್ ಇಟ್ಟು, ಅರ್ಧ ದಿನ ಮೊದಲೇ ನೋಡಿಕೊಂಡರೆ ಒಂದು ಟ್ಯೂಬು ಉಳಿಯುತ್ತದೆ. ಹಳೆಯ ಟ್ಯೂಬ್‌ಲೈಟಿಗಿಂತ ಎಲ್‌ಇಡಿ ಪಟ್ಟಿ ವಾಸಿ. ಅದಕ್ಕೆ ವಿದ್ಯುತ್ ಕೊಡುವ ಡ್ರೈವರನ್ನು ಇನ್‌ಕ್ಯುಬೇಟರ್‌ನ ಹೊರಗಿಡಿ.

ನಮ್ಮ ಕಡೆಯ ಪ್ರಯೋಗಾಲಯಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ತ್ಯಾಜ್ಯನೀರು ನೋಡುವವರಲ್ಲೆಲ್ಲ ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕ) ಅಳೆಯುವ ಇನ್‌ಕ್ಯುಬೇಟರ್ ಇರುತ್ತದೆ, ಅದರಲ್ಲೇ ಇದನ್ನೂ ಇಟ್ಟುಬಿಡೋಣ ಅನಿಸುವುದು ಸಹಜ. ಭಾರತದಲ್ಲಿ ಬಿಒಡಿ ಮಾಡುವುದು 27 ಡಿಗ್ರಿಯಲ್ಲಿ, ಮೂರು ದಿನ. ಡಾಫ್ನಿಯಾಕ್ಕೆ ಬೇಕಾದ್ದು 20. ಎರಡೂ ಒಂದೇ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಕೋಣೆಯ ತಾಪದ ಆಟ ಬೇಡವೇ ಬೇಡ. ಬೆಂಗಳೂರಲ್ಲೂ ಎಸಿಯನ್ನು ಸಂಜೆ ಆರಿಸಿ ಹೋಗುವ ಕೋಣೆ ಲೆಕ್ಕಕ್ಕಿಲ್ಲ. ರಾತ್ರಿ ಕರೆಂಟು ಹೋಗಿ ದೀಪ ಆರಿದರೆ ಮರಿ ಹೊರಬರುವುದು ತಡವಾಗುತ್ತದೆ, ಒಟ್ಟಿಗೆ ಬರದೆ ಚದುರಿ ಬರುತ್ತವೆ. ದೀಪಕ್ಕಾದರೂ ಯುಪಿಎಸ್ ಇರಲಿ.

ವೇಳಾಪಟ್ಟಿ ಹೀಗಿಟ್ಟುಕೊಂಡರೆ ಅನುಕೂಲ: ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಮೊಟ್ಟೆ ಬೆಳಕಿಗೆ, ಸೋಮವಾರ ಎರಡಕ್ಕೆ 72 ಗಂಟೆ. ಎರಡು ಗಂಟೆ ಮರಿಗಳಿಗೆ ಊಟ, ಐದರ ಹೊತ್ತಿಗೆ ಪರೀಕ್ಷೆ ಶುರು, ಮಂಗಳವಾರ ಸಂಜೆ 24 ಗಂಟೆಯ ಎಣಿಕೆ, ಬುಧವಾರ ಸಂಜೆ 48ರದು. 90 ಗಂಟೆ ದಾಟಿದ ತಟ್ಟೆಯಿಂದ ಮರಿ ತೆಗೆಯಬಾರದು. ಈ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಒಇಸಿಡಿ 202 ಕೇಳುವುದು 24 ಗಂಟೆಗಿಂತ ಎಳೆಯ ಮರಿಯನ್ನು. ತಡವಾದ ತಟ್ಟೆಯಲ್ಲಿ ಮೊದಲು ಹುಟ್ಟಿದವು ಆ ವಯಸ್ಸು ಮೀರಿರುತ್ತವೆ.

ಊಟ ಎಂದೆವಲ್ಲ, ಅದನ್ನು ಬಿಡಬೇಡಿ. ಪರೀಕ್ಷೆಯ 48 ಗಂಟೆ ಮರಿಗಳಿಗೆ ಏನೂ ಕೊಡುವಂತಿಲ್ಲ. ಸುಪ್ತ ಮೊಟ್ಟೆಯಿಂದ ಬಂದ ಮರಿಯ ಹೊಟ್ಟೆ ಖಾಲಿ. ಸ್ಪೈರುಲಿನಾ ಕದಡಿದ ನೀರು ಹಾಕಿ ಎರಡು ಗಂಟೆ ಬಿಟ್ಟರೆ ಪಾರದರ್ಶಕ ಮೈಯೊಳಗೆ ಕರುಳು ಹಸಿರು ಗೆರೆಯಾಗಿ ಕಾಣುತ್ತದೆ. ಆ ಗೆರೆ ಕಂಡ ಮರಿಯನ್ನೇ ಆರಿಸಿ. ಹಸಿದ ಮರಿ ನಿಯಂತ್ರಣದಲ್ಲೂ ಸಾಯುತ್ತದೆ, ಆಗ ಇಡೀ ಪರೀಕ್ಷೆ ಬಿದ್ದುಹೋಗುತ್ತದೆ.

ಫಲಕದ ವಿನ್ಯಾಸ ಈ ಕಿಟ್‌ನ ಅತ್ಯುತ್ತಮ ಭಾಗ. ಆರು ಸಾಲು: ಒಂದು ನಿಯಂತ್ರಣ, ಐದು ಸಾಂದ್ರತೆ. ಪ್ರತಿ ಸಾಲಿನಲ್ಲಿ ಐದು ಗುಳಿ: ಮೊದಲನೆಯದು ಜಾಲಾಡುವುದಕ್ಕೆ, ಉಳಿದ ನಾಲ್ಕು ಪರೀಕ್ಷೆಗೆ. ಗುಳಿಗೆ 10 ಮಿ.ಲೀ., ಐದು ಮರಿ. ಅಂದರೆ ಮರಿಗೆ 2 ಮಿ.ಲೀ., ಸಾಂದ್ರತೆಗೆ 20 ಮರಿ. ಒಇಸಿಡಿ ಕೇಳುವ ಕನಿಷ್ಠ ಅಷ್ಟೇ. ಮರಿಗಳನ್ನು ತಟ್ಟೆಯಿಂದ ನೇರ ಪರೀಕ್ಷೆಯ ಗುಳಿಗೆ ಹಾಕಿದರೆ ಪಿಪೆಟ್ಟಿನ ಜೊತೆ ಬಂದ ಸಾದಾ ನೀರು ಸಾಂದ್ರತೆಯನ್ನು ಇಳಿಸುತ್ತದೆ. ಮೊದಲು ಅದೇ ಸಾಂದ್ರತೆಯ ಜಾಲಾಡುವ ಗುಳಿಗೆ 20ಕ್ಕಿಂತ ಕೊಂಚ ಹೆಚ್ಚು ಮರಿ ಹಾಕಿ, ಅಲ್ಲಿಂದ ಐದೈದರಂತೆ ಎತ್ತಿದರೆ ಆ ದೋಷ ಹೋಗುತ್ತದೆ. ನಿಯಂತ್ರಣದಿಂದ ಶುರು ಮಾಡಿ, ಕಡಿಮೆ ಸಾಂದ್ರತೆಯಿಂದ ಹೆಚ್ಚಿನದಕ್ಕೆ ಹೋಗಿ. ಸಾಲಿಗೆ 50 ಮಿ.ಲೀ. ಹಿಡಿಯುತ್ತದೆ, 100 ಮಿ.ಲೀ. ತಯಾರಿಸಿ, ಉಳಿದದ್ದು ಪಿಎಚ್ ಮತ್ತು ಆಮ್ಲಜನಕ ಅಳೆಯಲು ಬೇಕು.

ಕೈ ತಪ್ಪುವುದು ಪಿಪೆಟ್ಟಿನ ತುದಿಯಲ್ಲಿ. ಮೇಲಿಂದ ಹನಿ ಬೀಳಿಸಿದರೆ ಮರಿಯ ಚಿಪ್ಪಿನೊಳಗೆ ಗಾಳಿ ಸೇರಿ ಅದು ನೀರಿನ ಮೇಲೆಯೇ ಅಂಟಿಕೊಳ್ಳುತ್ತದೆ, ಎಷ್ಟು ಒದ್ದಾಡಿದರೂ ಕೆಳಗಿಳಿಯಲಾರದು. 24 ಗಂಟೆಯ ನಂತರ ನೋಡಿದವರಿಗೆ ಅದು ವಿಷದಿಂದ ನಿಂತಂತೆಯೇ ಕಾಣುತ್ತದೆ. ತುದಿಯನ್ನು ನೀರಿನೊಳಗೆ ಮುಳುಗಿಸಿ, ಮೆಲ್ಲಗೆ ಬಿಡಿ. ತೇಲಿದ್ದು ಕಂಡರೆ ಆ ಕ್ಷಣವೇ ಅದೇ ಗುಳಿಯ ನೀರನ್ನು ಒಂದು ಹನಿ ಅದರ ಮೇಲೆ ಹಾಕಿ ಮುಳುಗಿಸಿ. ಎಲ್ಲ ಮುಗಿದ ಮೇಲೆ ಪ್ಯಾರಾಫಿಲ್ಮ್ ಹಾಸಿ, ಮುಚ್ಚಳ ಒತ್ತಿ, 20 ಡಿಗ್ರಿ ಕತ್ತಲಲ್ಲಿಡಬೇಕು.

ಎಣಿಸುವಾಗ ಕೆಳಗಿನಿಂದ ಬೆಳಕು ಬರುವ ಮೇಜು ಬೇಕು. ಫಲಕವನ್ನು ಮೆಲ್ಲಗೆ ಅಲುಗಿಸಿ, 15 ಸೆಕೆಂಡು ನೋಡಿ. ಅಷ್ಟರಲ್ಲಿ ಈಜದಿದ್ದರೆ ಅದು ‘ಚಲನೆ ನಿಂತದ್ದು’. ತಳದಲ್ಲಿ ಮಲಗಿ ಮೀಸೆ ಆಡಿಸುತ್ತಿದ್ದರೂ ಈಜದಿದ್ದರೆ ನಿಂತದ್ದೇ. ಇಬ್ಬರು ಬೇರೆ ಬೇರೆ ಎಣಿಸಿದಾಗ ಅಂಕಿ ಕೂಡದೆ ಹೋಗುವುದು ಹೆಚ್ಚಾಗಿ ಈ ಮಲಗಿದ ಮರಿಗಳ ವಿಷಯದಲ್ಲೇ. ನಿಯಂತ್ರಣದ 20ರಲ್ಲಿ ಎರಡಕ್ಕಿಂತ ಹೆಚ್ಚು ನಿಂತಿದ್ದರೆ, ಅಥವಾ ಕೊನೆಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂಗಿಂತ ಕೆಳಗಿದ್ದರೆ ಪರೀಕ್ಷೆ ಅಮಾನ್ಯ. 10 ಮಿ.ಲೀ. ಗುಳಿಯಲ್ಲಿ ಮಾಮೂಲಿ ಪ್ರೋಬು ಸರಿಯಾಗಿ ಓದುವುದಿಲ್ಲ. ನಾಲ್ಕು ಗುಳಿಯ ನೀರನ್ನು ಗಾಳಿ ಬೆರೆಯದಂತೆ ಒಂದೆಡೆ ಸೇರಿಸಿ ಅಳೆಯಬೇಕಾಗುತ್ತದೆ, ಅದು ಕಿಟ್‌ನ ನಿಜವಾದ ಒಂದು ಕೊರತೆ.

ಹೊಸ ಬ್ಯಾಚು ಬಂದಾಗಲೆಲ್ಲ ಪೊಟ್ಯಾಸಿಯಂ ಡೈಕ್ರೋಮೇಟ್ ಪರೀಕ್ಷೆ ಮಾಡಿ: 0.32, 0.56, 1.0, 1.8, 3.2 ಮಿ.ಗ್ರಾಂ. ಅರ್ಧದಷ್ಟು ಮರಿ ನಿಲ್ಲುವ ಸಾಂದ್ರತೆ, ಅಂದರೆ 24 ಗಂಟೆಯ ಇಸಿ 50, ಲೀಟರಿಗೆ 0.6ರಿಂದ 2.1 ಮಿ.ಗ್ರಾಂ ನಡುವೆ ಬರಬೇಕು. ಇದಕ್ಕೊಂದು ಟ್ಯೂಬು ಖರ್ಚಾಗುತ್ತದೆ ಎಂದು ಕೈಬಿಡುವವರಿದ್ದಾರೆ, ಆದರೆ ಇದಿಲ್ಲದೆ ಉಳಿದ ಐದು ಫಲಿತಾಂಶಕ್ಕೆ ಆಧಾರವಿಲ್ಲ. ಆರು ಪರೀಕ್ಷೆಯ ಡಬ್ಬಿಯನ್ನು ಐದು ಪರೀಕ್ಷೆಯದೆಂದೇ ಲೆಕ್ಕ ಹಾಕಿ ದರ ತೂಗಿ. ಕ್ರೋಮಿಯಂ ಬೆರೆತ ನೀರನ್ನು ಸಿಂಕಿಗೆ ಚೆಲ್ಲದೆ ಬೇರೆ ಡಬ್ಬದಲ್ಲಿ ಕೂಡಿಡಿ.

ಲೆಕ್ಕದಲ್ಲಿ ಒಂದು ಎಡವಟ್ಟು ಸಾಮಾನ್ಯ. 1.0ರಲ್ಲಿ ಒಂದೂ ನಿಂತಿಲ್ಲ, 1.8ರಲ್ಲಿ ಇಪ್ಪತ್ತೂ ನಿಂತಿವೆ ಅಂದುಕೊಳ್ಳಿ. ನಡುವಿನ ಅಂಕಿಯೇ ಇಲ್ಲದಿರುವಾಗ ಪ್ರಾಬಿಟ್ ರೇಖೆ (ಸಾಂದ್ರತೆಗೂ ನಿಂತ ಮರಿಗಳಿಗೂ ಸಂಬಂಧ ತೋರುವ ಗೆರೆ) ಎಳೆಯಲು ಹೋಗಬಾರದು. ಎರಡರ ಗುಣೋತ್ತರ ಸರಾಸರಿ ತೆಗೆದುಕೊಳ್ಳಿ, 1.34 ಮಿ.ಗ್ರಾಂ, ಮತ್ತು 1.0ರಿಂದ 1.8 ಎಂಬ ಮಿತಿಯನ್ನೂ ಜೊತೆಗೆ ಬರೆಯಿರಿ. ವರ್ಗೀಕರಣಕ್ಕೆ ಬಹುಪಾಲು ಅಷ್ಟೇ ಸಾಕು: ರಾಸಾಯನಿಕಗಳ ಅಪಾಯ ವಿಂಗಡಿಸುವ ಜಿಎಚ್‌ಎಸ್ ಎಂಬ ಜಾಗತಿಕ ಪದ್ಧತಿಯಲ್ಲಿ 1 ಮಿ.ಗ್ರಾಂವರೆಗೆ ಒಂದನೇ ವರ್ಗ, 10ರವರೆಗೆ ಎರಡನೇದು, 100ರವರೆಗೆ ಮೂರನೇದು.

ಎಲ್ಲ ರಾಸಾಯನಿಕಕ್ಕೂ ಈ ಕಿಟ್ ಸಲ್ಲುವುದಿಲ್ಲ. ಫಲಕ ಪ್ಲಾಸ್ಟಿಕ್‌ನದು. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕಗಳು ನೀರು ಬಿಟ್ಟು ಪ್ಲಾಸ್ಟಿಕ್‌ಗೆ ಅಂಟುತ್ತವೆ. ನೀವು ಹಾಕಿದ ಸಾಂದ್ರತೆ ಒಂದು, ಮರಿ ಉಂಡದ್ದು ಇನ್ನೊಂದು. ವಿಷ ಇರುವುದಕ್ಕಿಂತ ಸೌಮ್ಯವೆಂದು ವರದಿಯಾಗುತ್ತದೆ. ಅಂಥವಕ್ಕೆ ಗಾಜಿನ ಬೀಕರೇ ಬೇಕು. ಕಿಟ್‌ನ ಮೊಟ್ಟೆ ಬಳಸಿ, ಫಲಕ ಬಿಡಿ. ಆವಿಯಾಗುವ ದ್ರಾವಕಗಳನ್ನು ಪ್ಯಾರಾಫಿಲ್ಮ್ ಹಿಡಿದಿಡುವುದಿಲ್ಲ, ಮೇಲೆ ಗಾಳಿಯ ಜಾಗ ಉಳಿಯದಂತೆ ತುಂಬಿ ಮುಚ್ಚಿದ ಗಾಜಿನ ಸೀಸೆ ಬೇಕು. ಅಳೆದ ಸಾಂದ್ರತೆ ಹಾಕಿದ್ದರ ಶೇ. 80ರಿಂದ 120ರ ನಡುವೆ ಉಳಿದಿದ್ದರೆ ಮಾತ್ರ ಹಾಕಿದ ಅಂಕಿಯ ಮೇಲೆ ಇಸಿ 50 ಹೇಳಬಹುದು. ವಿಶ್ಲೇಷಣೆಗೆ ಗುಳಿಯ 10 ಮಿ.ಲೀ. ಸಾಲದು, ಪಕ್ಕದಲ್ಲಿ ಅದೇ ದ್ರಾವಣದ ಇನ್ನೊಂದು ಪಾತ್ರೆ ಇಟ್ಟುಕೊಳ್ಳಿ.

ಕಾರ್ಖಾನೆಯ ತ್ಯಾಜ್ಯನೀರಿಗೆ ಇದನ್ನು ಬಳಸುವವರು ನೆನಪಿಡಿ: ನಮ್ಮ ಪರಿಸರ ಸಂರಕ್ಷಣಾ ನಿಯಮಗಳು ಕೇಳುವ ಜೈವಿಕ ಪರೀಕ್ಷೆ ಮೀನಿನದು, ನೂರಕ್ಕೆ ನೂರು ತ್ಯಾಜ್ಯನೀರಿನಲ್ಲಿ 96 ಗಂಟೆಯ ನಂತರ ಶೇ. 90 ಮೀನು ಬದುಕಿರಬೇಕು. ಡಾಫ್ನಿಯಾ ಅದರ ಬದಲಿಯಲ್ಲ. ಆದರೆ ಶುದ್ಧೀಕರಣ ಘಟಕದ ಯಾವ ಹಂತದಲ್ಲಿ ವಿಷ ಇಳಿಯುತ್ತಿಲ್ಲ ಎಂದು ಎರಡೇ ದಿನದಲ್ಲಿ ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಇನ್ನೊಂದು ಮಿತಿ: ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೊಯಿನಾ, ಸೀರಿಯೋಡಾಫ್ನಿಯಾಗಳಂಥ ಸಣ್ಣ ಜಾತಿಗಳು, ಅದೂ ಬೆಚ್ಚಗಿನ ನೀರಿನಲ್ಲಿ. 20 ಡಿಗ್ರಿಯ ಮ್ಯಾಗ್ನಾ ಕೊಟ್ಟ ಅಂಕಿಯನ್ನು ನೇರವಾಗಿ ಕೆರೆಗೆ ಹೊಂದಿಸಿ ‘ಇಷ್ಟರವರೆಗೆ ಸುರಕ್ಷಿತ’ ಎನ್ನಲಾಗದು. ನೋಂದಣಿ ಕಡತಕ್ಕೆ ಸಲ್ಲಿಸುವ ಅಧ್ಯಯನವಾದರೆ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಮಾನ್ಯತೆ ಪಡೆದ ಪ್ರಯೋಗಾಲಯದಲ್ಲೇ ಆಗಬೇಕು. ಕಿಟ್ ಆ ಮಾನ್ಯತೆ ತಂದುಕೊಡುವುದಿಲ್ಲ.

ವಾರಕ್ಕೆರಡು ಪರೀಕ್ಷೆ ನಡೆಯುವ ಕಡೆ ಸ್ವಂತ ಸಾಕಣೆಯೇ ಅಗ್ಗ, ಸಂಶಯವಿಲ್ಲ. ಉಳಿದವರು ಕೊಳ್ಳುವಾಗ ಮೊಟ್ಟೆಯ ಬ್ಯಾಚ್ ಸಂಖ್ಯೆ, ವಾಯಿದೆ ದಿನಾಂಕವನ್ನು ಆರ್ಡರ್ ಕೊಡುವ ಮೊದಲೇ ಬರೆಸಿಕೊಳ್ಳಿ. ಆಮದಿನ ಪಾರ್ಸೆಲ್ ಗೋದಾಮಿನ ಸೆಕೆಯಲ್ಲಿ ಕೂತರೆ ವಾಯಿದೆ ಇದ್ದೂ ಮೊಟ್ಟೆ ಸೊರಗುತ್ತದೆ, ಆದ್ದರಿಂದ ಮಾರ್ಚ್‌ನಿಂದ ಮೇವರೆಗೆ ತರಿಸದೆ ಚಳಿಗಾಲದಲ್ಲೇ ತರಿಸಿ. ಬಂದ ದಿನವೇ ಟ್ಯೂಬುಗಳನ್ನು ಫ್ರಿಜ್ಜಿನ 5 ಡಿಗ್ರಿಯ ಆಸುಪಾಸಿನ ಖಾನೆಯಲ್ಲಿ ಕತ್ತಲೆ ಡಬ್ಬಿಯಲ್ಲಿಡಿ, ಫ್ರೀಜರ್‌ಗೆ ಹಾಕಬೇಡಿ. ಆ ವಾರವೇ ಒಂದು ಟ್ಯೂಬು ಡೈಕ್ರೋಮೇಟ್‌ಗೆ ಇಳಿಸಿ: ಆರು ಸಾಲಿಗೆ ಬೇಕಾದ 120 ಮರಿ 72 ಗಂಟೆಗೆ ಎದ್ದು ಬಂದವೋ ಇಲ್ಲವೋ ಎಂದು ಎಣಿಸಿ, ಬಾರದಿದ್ದರೆ ತಟ್ಟೆಯ ಮೇಲಿನ ಲಕ್ಸ್, ತಟ್ಟೆಯೊಳಗಿನ ತಾಪ ಎರಡರ ಅಳತೆಯನ್ನೂ ಜೊತೆಗಿಟ್ಟು ಮಾರಾಟಗಾರರಿಗೆ ಬರೆಯಿರಿ.