ಡೈನಮೊ ಚಾರ್ಜ್ ಮಾಡುತ್ತಿಲ್ಲ: ಕಾರ್ಬನ್, ಗುಜರಿ, ರೀಕಂಡಿಷನ್, ಹೊಸದು – ಹಳೆಯ 800ಕ್ಕೆ ಯಾವುದು ಸರಿ?

ಮಾರುತಿ 800ರ ತಯಾರಿಕೆ ನಿಂತದ್ದು 2014ರಲ್ಲಿ. ಇನ್ನೂ ಓಡುತ್ತಿರುವ ಗಾಡಿಗಳಲ್ಲಿ ಮೀಟರ್ ಬೋರ್ಡಿನ ಕೆಂಪು ಬ್ಯಾಟರಿ ದೀಪ ಆರದೆ ಉಳಿಯಿತೆಂದರೆ ಗ್ಯಾರೇಜಿನಲ್ಲಿ ಸಿಗುವ ಮೊದಲ ಉತ್ತರ, ‘ಡೈನಮೊ ಹೋಗಿದೆ, ಬದಲಾಯಿಸಿ.’ ಬಾಯಿಮಾತಿನಲ್ಲಿ ಡೈನಮೊ ಎನ್ನುವ ಈ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ) ಇಡಿಯಾಗಿ ಹಾಳಾಗುವುದು ಅಪರೂಪ. ಸವೆಯುವುದು ತಿರುಗುವ ಭಾಗಕ್ಕೆ ಉಜ್ಜುತ್ತ ಕರೆಂಟ್ ಕೊಡುವ ಎರಡು ಕಾರ್ಬನ್ ತುಂಡು, ಸುಡುವುದು ವೋಲ್ಟೇಜ್ ಹತೋಟಿಯಲ್ಲಿಡುವ ಕಟೌಟ್ ಇಲ್ಲವೇ ಎಸಿಯನ್ನು ಡಿಸಿ ಮಾಡುವ ಒಂದು ಡಯೋಡ್, ಕೂಗುವುದು ಬೇರಿಂಗ್. ಹಳೆಯ ಗಾಡಿ ಇಟ್ಟುಕೊಂಡಿರುವ ನಾವು ಕೆಲವರು ಒಬ್ಬರ ಗಾಡಿಗೆ ಇನ್ನೊಬ್ಬರು ಕೈಹಾಕುತ್ತ ಕಾರ್ಬನ್-ಕಟೌಟ್ ಬದಲಿಸುವುದು, ಗುಜರಿ ಮಾಲು, ರೀಕಂಡಿಷನ್, ಹೊಸದು – ಈ ನಾಲ್ಕೂ ದಾರಿ ಹಿಡಿದು ನೋಡಿದ್ದೇವೆ. ನಾಲ್ಕನ್ನೂ ಇಲ್ಲಿ ಪಕ್ಕಪಕ್ಕ ಇಡುತ್ತಿದ್ದೇವೆ. ಆದರೆ ಅಳತೆ ಮಾಡದೆ ಯಾವುದಕ್ಕೂ ದುಡ್ಡು ಕೊಡಬೇಡಿ.

ಬೇಕಾದದ್ದು ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ರಾತ್ರಿಯಿಡೀ ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಎಂಜಿನ್ ಚಾಲೂ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.5ರೊಳಗೆ ಇರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲ ಹಾಕಿದರೂ 13.2ಕ್ಕಿಂತ ಕೆಳಗಿಳಿಯಬಾರದು.

ಈಗ ಎಲ್ಲರೂ ಬಿಟ್ಟುಬಿಡುವ ಅಳತೆ. ಲೈಟ್ ಹಾಕಿ ಎಂಜಿನ್ ಓಡುತ್ತಿರುವಾಗಲೇ ಮೀಟರ್ ವೈರಿನ ತುದಿಯ ಒಂದು ಮುಳ್ಳನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೆ ಹಿಡಿಯಿರಿ. 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ವೈರು ಅಥವಾ ಟರ್ಮಿನಲ್‌ನಲ್ಲಿ ಕಿಲುಬು ಹಿಡಿದಿದೆ. ಹಾಗೆಯೇ ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ನೆಗೆಟಿವ್‌ಗೆ 0.2ಕ್ಕಿಂತ ಹೆಚ್ಚಿದ್ದರೆ ಎಂಜಿನ್ನನ್ನು ಬ್ಯಾಟರಿ ನೆಗೆಟಿವ್‌ಗೆ ಸೇರಿಸುವ ಅರ್ತ್ ಪಟ್ಟಿ ಸಡಿಲ. ಇವೆರಡಕ್ಕೂ ಮದ್ದು ಪಾಲಿಷ್ ಪೇಪರ್ ಮತ್ತು ಸ್ಪ್ಯಾನರ್, ಖರ್ಚು ಸೊನ್ನೆ. ಈ ದೋಷವಿರುವ ಗಾಡಿಗೆ ಹೊಸ ಆಲ್ಟರ್ನೇಟರ್ ಹಾಕಿದರೂ ಬ್ಯಾಟರಿ ತುಂಬುವುದಿಲ್ಲ. ಆಲ್ಟರ್ನೇಟರ್ ತಿರುಗಿಸುವ ಬೆಲ್ಟನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಕುಗ್ಗಿದರೆ ಬಿಗಿ ಮಾಡಬೇಕು.

ಮುಂದೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಮೇಲೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ. ಮತ್ತೆ ಡಿಸಿಗೆ ತಿರುಗಿಸಿದಾಗ 15 ವೋಲ್ಟ್ ದಾಟುತ್ತಿದ್ದರೆ ಕಟೌಟ್ ಕೆಟ್ಟಿದೆ; ಬ್ಯಾಟರಿ ನೀರು ಕುದಿಯುವ ಮೊದಲು ಗಾಡಿ ನಿಲ್ಲಿಸಿ. ಕೀ ಹಾಕಿದಾಗ ಕೆಂಪು ದೀಪ ಹತ್ತುವುದೇ ಇಲ್ಲವೆಂದರೆ ಮೊದಲು ಆ ಬಲ್ಬನ್ನೇ ನೋಡಿ: ಎಷ್ಟೋ ಆಲ್ಟರ್ನೇಟರ್‌ಗಳಲ್ಲಿ ರೋಟರ್ (ಒಳಗೆ ತಿರುಗುವ ಸುರುಳಿ) ಎಚ್ಚರಗೊಳ್ಳುವ ಮೊದಲ ಕರೆಂಟ್ ಹೋಗುವುದು ಅದರ ಮೂಲಕವೇ. ಕಾರ್ಬನ್ ಪೂರ್ತಿ ಸವೆದಾಗಲೂ ಇದೇ ಲಕ್ಷಣ.

ಒಂದು ಮಾತು ಒತ್ತಿ ಹೇಳಬೇಕು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಗಾಡಿ ಆಫ್ ಆಗಲಿಲ್ಲ, ಡೈನಮೊ ಚೆನ್ನಾಗಿದೆ’ ಎನ್ನುವ ಪರೀಕ್ಷೆಗೆ ಯಾರನ್ನೂ ಬಿಡಬೇಡಿ. ಆ ಕ್ಷಣ ಏಳುವ ವೋಲ್ಟೇಜ್ ಹೊಡೆತಕ್ಕೆ ಡಯೋಡ್, ಕಟೌಟ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯಾದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಕೂಡ ಸುಡಬಹುದು.

ಕಾರ್ಬನ್ ಮತ್ತು ಕಟೌಟ್ ಬದಲಿಸುವುದು ನಾಲ್ಕರಲ್ಲಿ ನಮಗೆ ಅತಿ ಹೆಚ್ಚು ಫಲ ಕೊಟ್ಟ ದಾರಿ. ಖರ್ಚು ನೂರರ ಲೆಕ್ಕದಲ್ಲಿ, ಸಮಯ ಅರ್ಧ ದಿನ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಿಂದಿನ ದಪ್ಪ ವೈರಿನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಆಲ್ಟರ್ನೇಟರ್ ಇಳಿಸಿ, ಎರಡು ಹೋಳೂ ಸೇರುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಿಚ್ಚಿ. ಕಾರ್ಬನ್ 5 ಮಿ.ಮೀ.ಗಿಂತ ಮೋಟಾಗಿದ್ದರೆ ಬದಲಿಸಿ. ಕಾರ್ಬನ್ ತಾಗುವ ರೋಟರಿನ ಉಂಗುರಗಳನ್ನು, ಅಂದರೆ ಸ್ಲಿಪ್ ರಿಂಗನ್ನು, ಸೊನ್ನೆ ನಂಬರ್ ಪಾಲಿಷ್ ಪೇಪರಿನಿಂದ ಸುತ್ತಲೂ ಒಂದೇ ಸಮ ಉಜ್ಜಿ. ಎರಡು ರಿಂಗುಗಳ ನಡುವೆ 2ರಿಂದ 4 ಓಮ್ ಆಸುಪಾಸು ಇರಬೇಕು, ರಿಂಗಿನಿಂದ ರೋಟರ್ ಬಾಡಿಗೆ ಏನೂ ತೋರಿಸಬಾರದು. ಇದು ಸರಿಯಿಲ್ಲದಿದ್ದರೆ ಕಾರ್ಬನ್ ಹಾಕಿ ಪ್ರಯೋಜನವಿಲ್ಲ.

ಹೊಸಬರು ಎಡವುವುದು ಬೆಸುಗೆಯಲ್ಲಿ. ಕಾರ್ಬನ್ನಿನ ಬಾಲದಂತಿರುವ ತಾಮ್ರದ ಎಳೆಗಳು ಸೀಸವನ್ನು ಬತ್ತಿಯಂತೆ ಹೀರಿಕೊಳ್ಳುತ್ತವೆ. ಎಳೆ ಗಟ್ಟಿಯಾಯಿತೆಂದರೆ ಸ್ಪ್ರಿಂಗ್ ಒತ್ತಿದರೂ ಕಾರ್ಬನ್ ಕೆಳಗಿಳಿಯುವುದಿಲ್ಲ, ಕೆಲವೇ ದಿನಗಳಲ್ಲಿ ಮತ್ತೆ ಅದೇ ತೊಂದರೆ. ಎಳೆಯನ್ನು ಬೆಸುಗೆಯ ಜಾಗಕ್ಕೆ ಸ್ವಲ್ಪ ಮೇಲೆ ಇಕ್ಕಳದಲ್ಲಿ ಹಿಡಿದರೆ ಬಿಸಿ ಅಲ್ಲೇ ನಿಲ್ಲುತ್ತದೆ. ಜೋಡಿಸುವಾಗ ಕಾರ್ಬನ್ನುಗಳನ್ನು ಒಳಗೊತ್ತಿ, ಅವು ಹೊರಬರದಂತೆ ಹಿಂಬದಿಯ ಸಣ್ಣ ತೂತಿನಲ್ಲಿ ಗಟ್ಟಿ ತಂತಿ ತೂರಿಸಿ, ಕೊನೆಗೆ ಎಳೆದು ತೆಗೆಯಿರಿ. ಬೇರಿಂಗ್ ಹೇಗೂ ಕೈಯಲ್ಲಿರುತ್ತದೆ. ಮೈಮೇಲೆ ಕೆತ್ತಿದ ನಂಬರ್ ಬರೆದುಕೊಂಡು ಅದನ್ನೂ ಬದಲಿಸುವುದೇ ಜಾಣತನ.

ಇನ್ನು ಗುಜರಿ. ಬೆಂಗಳೂರಿನ ಶಿವಾಜಿನಗರದಂಥ ಕಡೆ ಹಳೆಯ ಆಲ್ಟರ್ನೇಟರ್ ರಾಶಿಯೇ ಇರುತ್ತದೆ, ಬೆಲೆಯೂ ಚೌಕಾಸಿಗೆ ಬಗ್ಗುತ್ತದೆ. ಮೀಟರ್ ಜೊತೆಗೊಯ್ಯದೆ ಹೋಗಬೇಡಿ. ಅದನ್ನು ಡಯೋಡ್ ಸ್ಥಾನದಲ್ಲಿಟ್ಟು ಕೆಂಪು ಮುಳ್ಳು ಬಾಡಿಗೆ, ಕಪ್ಪು ಮುಳ್ಳು ದಪ್ಪ ವೈರಿನ ಬೋಲ್ಟಿಗೆ ಹಿಡಿದರೆ 0.8ರಿಂದ 1.1ರೊಳಗೆ ಬರಬೇಕು, ಏಕೆಂದರೆ ಕರೆಂಟ್ ಎರಡು ಡಯೋಡ್ ದಾಟಿ ಬರುತ್ತದೆ. ಮುಳ್ಳು ಅದಲುಬದಲು ಮಾಡಿದರೆ ಏನೂ ಬರಬಾರದು. ಸೊನ್ನೆಯ ಹತ್ತಿರ ಬಂದರೆ ಅಲ್ಲೇ ಬಿಟ್ಟು ಬನ್ನಿ. ಆದರೆ ಒಂದು ಡಯೋಡ್ ಮಾತ್ರ ಕಡಿದುಹೋಗಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ, ಕಾರ್ಬನ್ನಿನ ಆಯಸ್ಸೂ ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಗುಜರಿ ಮಾಲನ್ನು ನಾವು ನೇರ ಗಾಡಿಗೆ ಏರಿಸುವುದಿಲ್ಲ. ರೋಟರ್ ಸುಟ್ಟಾಗ ಬಿಡಿಭಾಗಕ್ಕೆಂದು ಮಾತ್ರ ತರುತ್ತೇವೆ. ಒಂದೇ ಮಾಡೆಲಿನ ಗಾಡಿಗೂ ಬೇರೆ ಬೇರೆ ಕಂಪನಿಯ ಆಲ್ಟರ್ನೇಟರ್ ಬಂದಿರುವುದುಂಟು. ಹಳೆಯದನ್ನು ಕೈಯಲ್ಲೇ ಒಯ್ದು ಬೋಲ್ಟ್ ಕೂರುವ ಕಿವಿ, ಬೆಲ್ಟ್ ಸುತ್ತುವ ಪುಲ್ಲಿ, ಹಿಂದಿನ ಸಾಕೆಟ್ ಮೂರನ್ನೂ ಹೊಂದಿಸಿ ನೋಡಿ.

ನಿಮ್ಮ ಹಳೆಯದನ್ನು ಕೊಟ್ಟು ರಿಪೇರಿಯಾದ ಇನ್ನೊಂದನ್ನು ಪಡೆಯುವ ರೀಕಂಡಿಷನ್ ಎಕ್ಸ್‌ಚೇಂಜ್‌ನಲ್ಲಿ ತೊಂದರೆ ಬೇರೆ. ಬಣ್ಣ ಬಳಿದು ಹೊಳೆಯುವ ಮಾಲಿನ ಒಳಗೆ ಏನು ಹೊಸದು ಎಂಬುದು ಕಾಣದು. ಇದಕ್ಕಿಂತ ನಿಮ್ಮದನ್ನೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕೊಟ್ಟು, ಎದುರಿಗೇ ಬಿಚ್ಚಿಸಿ, ತೆಗೆದ ಹಳೆಯ ಭಾಗ ವಾಪಸ್ ಕೇಳುವುದು ಮೇಲು. ಡಯೋಡ್ ಪ್ಲೇಟ್ ಬದಲಿಸುವ ಕೆಲಸಕ್ಕೆ ನಾವು ಈ ದಾರಿಯನ್ನೇ ಹಿಡಿಯುತ್ತೇವೆ, ಏಕೆಂದರೆ ಸ್ಟೇಟರ್ (ತಿರುಗದೆ ನಿಂತಿರುವ ಹೊರಸುರುಳಿ) ವೈರಿನ ಬೆಸುಗೆಗೆ ದೊಡ್ಡ ಕಾವು ಬೇಕು. ಹೊಸದು ಸಾವಿರಗಳ ಲೆಕ್ಕ. ಸ್ಟೇಟರ್ ಸುಟ್ಟು ಕಪ್ಪಾಗಿದ್ದರೆ ಅಥವಾ ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ ಮಾತ್ರ ಅದಕ್ಕೆ ಅರ್ಥ.

ಯಾವ ದಾರಿ ಎಂದು ತೀರ್ಮಾನವಾಗದಿದ್ದರೆ ಅದೇ ಮಾಡೆಲ್ ಇರುವ ಗೆಳೆಯರ ಗಾಡಿಯ ಆಲ್ಟರ್ನೇಟರನ್ನು ಒಂದು ಗಂಟೆಗೆ ಎರವಲು ಕೇಳಿ. ಅದನ್ನು ಏರಿಸಿದಾಗಲೂ 13.8 ವೋಲ್ಟ್ ಬರದಿದ್ದರೆ ತಪ್ಪು ಆಲ್ಟರ್ನೇಟರಿನ ಹೊರಗಿದೆ. ಇಷ್ಟು ಖಚಿತ ಉತ್ತರ ಯಾವ ಅಂಗಡಿಯಲ್ಲೂ ದುಡ್ಡಿಗೆ ಸಿಗುವುದಿಲ್ಲ.

ರಿಪೇರಿಯಾದ ಮೇಲೂ ಬೆಳಿಗ್ಗೆ ಸೆಲ್ಫ್ ಎಳೆಯದಿದ್ದರೆ ಎಲ್ಲ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಆ ವೈರಿಗೂ ನೆಗೆಟಿವ್ ಟರ್ಮಿನಲ್‌ಗೂ ನಡುವೆ ಸೇರಿಸಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಅರ್ಧ ಆಂಪಿಯರ್ ಸೋರುತ್ತಿದ್ದರೆ ಒಂದು ದಿನಕ್ಕೆ 12 ಆಂಪಿಯರ್ ಅವರ್ ಹೋಯಿತು, 35 ಆಂಪಿಯರ್ ಅವರ್‌ನ ಬ್ಯಾಟರಿಯ ಮೂರನೇ ಒಂದು ಪಾಲು. ಮೀಟರನ್ನೂ ತೆಗೆದು, ಆಲ್ಟರ್ನೇಟರಿನ ದಪ್ಪ ವೈರನ್ನು ಕಳಚಿ ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ; ಸೋರಿಕೆ ನಿಂತರೆ ಡಯೋಡೇ ಕಾರಣ. ಪೂರ್ತಿ ಇಳಿದ ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಲ್ಲಿ 3 ಆಂಪಿಯರ್‌ನಂತೆ ರಾತ್ರಿಯಿಡೀ ತುಂಬಿಸಿಯೇ ಗಾಡಿಗೆ ಹಾಕಿ. ಖಾಲಿ ಬ್ಯಾಟರಿ ತುಂಬಿಸುವ ಹೊರೆ ಬಿದ್ದರೆ ಈಗಷ್ಟೇ ಹಾಕಿದ ಡಯೋಡ್ ಪ್ಲೇಟ್ ಗಂಟೆಗಟ್ಟಲೆ ಬಿಸಿಯಾಗುತ್ತಲೇ ಇರಬೇಕಾಗುತ್ತದೆ.