ಕರ್ಬಲ್ ಸ್ಪೇಸ್ ಪ್ರೋಗ್ರಾಂ: ಏಳು ವರ್ಷ ಆಡಿದ ಮೇಲೆ

ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಇದು. 2018ರಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಡಿಸ್ಕೌಂಟ್ ಇದ್ದಾಗ ಕೊಂಡೆ. ಲೆಕ್ಕ ಈಗ 1,900 ಗಂಟೆ ದಾಟಿದೆ. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಯಂತ್ರಗಳಿಗೆ, ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ರಾಕೆಟ್ ಕಟ್ಟುತ್ತೇನೆ. ಮೊದಲು ಒಬ್ಬನೇ ಆಡುತ್ತಿದ್ದೆ, ಮೂರು ವರ್ಷದಿಂದ ಮಗಳ ಜೊತೆ.

ಆಟದಲ್ಲಿ ಕರ್ಬಿನ್ ಅಂತ ಒಂದು ಪುಟ್ಟ ಗ್ರಹ ಇದೆ. ತ್ರಿಜ್ಯ 600 ಕಿ.ಮೀ. ಮಾತ್ರ, ಗುರುತ್ವ ಮಾತ್ರ ನಮ್ಮ ಭೂಮಿಯಷ್ಟೇ. ನನ್ನ ಮೊದಲ ರಾಕೆಟ್ ನೇರ ಮೇಲಕ್ಕೆ 100 ಕಿ.ಮೀ. ಹೋಯಿತು, ನೇರ ಕೆಳಗೆ ಬಂದು ಬಿತ್ತು. ವಾತಾವರಣ 70 ಕಿ.ಮೀ.ಗೆ ಮುಗಿಯುತ್ತೆ, ಅದನ್ನು ದಾಟಿದರೆ ಸಾಕು, ತೇಲುತ್ತೆ ಅಂದುಕೊಂಡಿದ್ದೆ. ಹಾಗಲ್ಲ. 80 ಕಿ.ಮೀ. ಎತ್ತರದಲ್ಲಿ ಸುತ್ತಬೇಕಾದರೆ ಅಡ್ಡಕ್ಕೆ ಸೆಕೆಂಡಿಗೆ ಸುಮಾರು 2,280 ಮೀಟರ್ ವೇಗ ಬೇಕು. ಆ ವೇಗದಲ್ಲೂ ನೌಕೆ ಬೀಳುತ್ತಲೇ ಇರುತ್ತೆ. ಆದರೆ ಅದು ಬೀಳುವಷ್ಟೇ ನೆಲವೂ ಬಾಗಿ ಕೆಳಗೆ ಸರಿಯುತ್ತೆ. ಶಾಲೆಯಲ್ಲಿ ಓದಿದ್ದ ವಿಷಯವೇ. ಅರ್ಥ ಆದದ್ದು ಮಾತ್ರ ನಲವತ್ತನೇ ರಾಕೆಟ್ಟಿನಲ್ಲಿ.

ನಾನು ಈ ಆಟಕ್ಕೆ ಪೂರ್ತಿ ಅಂಟಿಕೊಂಡದ್ದು ಮಂಗಳಯಾನದಿಂದ. 2013ರ ನವೆಂಬರ್ 5ರಂದು ಉಡಾವಣೆ ಆದ ಮೇಲೆ ಅದು ತಿಂಗಳ ಹತ್ತಿರ ಭೂಮಿಯನ್ನೇ ಸುತ್ತಿತು. ಕಕ್ಷೆಯ ಮೇಲಿನ ತುದಿ, ಅಂದರೆ ಭೂಮಿಯಿಂದ ಅತಿ ದೂರದ ಜಾಗ, ಸುಮಾರು 23,500 ಕಿ.ಮೀ. ಇದ್ದದ್ದು ಏರುತ್ತಾ ಏರುತ್ತಾ 1.92 ಲಕ್ಷ ಕಿ.ಮೀ. ಆಯಿತು. ಡಿಸೆಂಬರ್ 1ಕ್ಕೆ ಭೂಮಿ ಬಿಟ್ಟು ಹೊರಟಿತು. ಒಂದೇ ಸಲ ಯಾಕೆ ಹೋಗಲಿಲ್ಲ ಅಂತ ಆಗ ಪೇಪರ್ ಓದಿದಾಗ ತಿಳಿದಿರಲಿಲ್ಲ. ಆಟದಲ್ಲಿ ಅದೇ ತರಹದ ನೌಕೆ ಕಟ್ಟಿ ನೋಡಿದೆ. ಮಂಗಳಯಾನದ ಎಂಜಿನ್ 440 ನ್ಯೂಟನ್, ಅಂದರೆ ಸುಮಾರು 45 ಕೆ.ಜಿ. ಎತ್ತುವಷ್ಟು ಬಲ. ನೌಕೆಯ ತೂಕ 1,337 ಕೆ.ಜಿ. ಇಷ್ಟು ಚಿಕ್ಕ ಎಂಜಿನ್ ಒಂದೇ ಸಲ ಉರಿಸಿದರೆ ಉರಿ ಮುಗಿಯುವಷ್ಟರಲ್ಲಿ ನೌಕೆ ಗ್ರಹದಿಂದ ದೂರ ಹೋಗಿಬಿಟ್ಟಿರುತ್ತೆ. ನನ್ನದೂ ಹಾಗೇ ಆಯಿತು. ಇಂಧನ ಖಾಲಿ, ನೌಕೆ ಮಾತ್ರ ಅಲ್ಲೇ ಸುತ್ತುತ್ತಿತ್ತು.

ಎರಡನೇ ಸಲ ಪ್ರಯತ್ನಿಸಿದಾಗ, ನೌಕೆ ಕೆಳಗಿನ ತುದಿಗೆ, ಅಂದರೆ ಗ್ರಹಕ್ಕೆ ಅತಿ ಹತ್ತಿರದ ಜಾಗಕ್ಕೆ, ಬಂದಾಗ ಮಾತ್ರ ಸ್ವಲ್ಪ ಸ್ವಲ್ಪ ಉರಿಸಿದೆ. ಐದು ಸುತ್ತಿನಲ್ಲಿ ಕೆಲಸ ಆಯಿತು, ಇಂಧನವೂ ಮಿಕ್ಕಿತು! ಇದಕ್ಕೆ ಒಬರ್ತ್ ಪರಿಣಾಮ ಅಂತಾರೆ. ಕೆಳಗಿನ ತುದಿಯಲ್ಲಿ ನೌಕೆಯ ವೇಗ ಜಾಸ್ತಿ. ಒಂದು ಸೆಕೆಂಡು ತಳ್ಳಿದಾಗ ಅದು ಕ್ರಮಿಸುವ ದೂರ ಜಾಸ್ತಿ. ಅದೇ ಬಲ ಜಾಸ್ತಿ ದೂರದವರೆಗೆ ತಳ್ಳಿದರೆ ನೌಕೆಗೆ ಸಿಗುವ ಶಕ್ತಿಯೂ ಜಾಸ್ತಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲೇ ಇಸ್ಟ್ರಾಕ್ ಇದೆ, ಇಸ್ರೋ ನೌಕೆಗಳ ಜೊತೆ ಮಾತಾಡುವ ಕೇಂದ್ರ. ಅಷ್ಟು ವರ್ಷ ಸುಮ್ನೆ ದಾಟಿ ಹೋಗುತ್ತಿದ್ದೆ. ಮಾರನೇ ದಿನ ಬೆಳಗ್ಗೆ ಗೇಟಿನ ಎದುರು ಬೈಕ್ ನಿಧಾನ ಮಾಡಿದೆ.

ಡಾಕಿಂಗ್, ಅಂದರೆ ಸುತ್ತುತ್ತಿರುವ ಎರಡು ನೌಕೆಗಳನ್ನು ಜೋಡಿಸುವುದು, ಕಲಿಯಲು ಮೂರು ತಿಂಗಳು ಬೇಕಾಯಿತು. ಮಗಳು ಪಕ್ಕದಲ್ಲಿ ಕೂತಿದ್ದಳು. "ಅಪ್ಪಾ, ಅದು ಮುಂದೆ ಇದೆ. ನೀನ್ಯಾಕೆ ಬ್ರೇಕ್ ಹಾಕ್ತಿದೀಯ?" ಅಂದಳು. ಸರಿಯಾದ ಪ್ರಶ್ನೆ ಅಲ್ವಾ? ಬ್ರೇಕ್ ಹಾಕಿದರೆ ನೌಕೆ ಕೆಳಗಿನ ಕಕ್ಷೆಗೆ ಇಳಿಯುತ್ತೆ. ಆ ದಾರಿ ಚಿಕ್ಕದು, ಅಲ್ಲಿನ ವೇಗವೂ ಜಾಸ್ತಿ. ಕರ್ಬಿನ್ ಸುತ್ತ 100 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 32.6 ನಿಮಿಷ, 80 ಕಿ.ಮೀ.ನಲ್ಲಿ 31.2 ನಿಮಿಷ. ಕಂಠೀರವ ಸ್ಟೇಡಿಯಂನಲ್ಲಿ ಒಳಗಿನ ಲೇನ್ ಹಿಡಿದ ಹಾಗೆ ಅಂತ ಹೇಳಿದೆ. ಅವಳು ಎರಡು ಬೆರಳನ್ನು ಗಾಳಿಯಲ್ಲಿ ಸುತ್ತಿಸಿ ನೋಡಿ, "ಹಾಗಾದ್ರೆ ಮುಂದೆ ತಳ್ಳಿದ್ರೆ ಹಿಂದೆ ಬೀಳ್ತೀವಿ" ಅಂದಳು. ನಾನು ಹೇಳಿಕೊಡದ ಅರ್ಧವನ್ನು ಅವಳೇ ಕಂಡುಕೊಂಡಳು.

2025ರ ಜನವರಿಯಲ್ಲಿ ಇಸ್ರೋದ ಡಾಕಿಂಗ್ ಪ್ರಯೋಗ ಸ್ಪೇಡೆಕ್ಸ್ ಸುದ್ದಿ ಬಂದಾಗ ನಮ್ಮನೆಯಲ್ಲಿ ದಿನಾ ಅದೇ ಮಾತು. ತಲಾ 220 ಕೆ.ಜಿ.ಯ ಎರಡು ಉಪಗ್ರಹ. ಒಮ್ಮೆ 15 ಮೀಟರ್, ಆಮೇಲೆ 3 ಮೀಟರ್ ಹತ್ತಿರ ತಂದು, ಜೋಡಿಸದೆ ಮತ್ತೆ ದೂರ ಸರಿಸಿದರು. ಫೇಲ್ ಆಯ್ತು ಅಂತ ಶಾಪ್‌ನಲ್ಲಿ ಕೆಲವರು ಅಂದರು. ಮಗಳು ಒಪ್ಪಲಿಲ್ಲ. ಹತ್ತಿರ ಹೋಗಿ ನಿಂತು, ನೋಡಿ, ವಾಪಸ್ ಬರೋದೇ ಕಷ್ಟದ ಕೆಲಸ ಅಂತ ಅವಳಿಗೆ ಕೈಯಾರೆ ಆಡಿ ಗೊತ್ತಿತ್ತು. ಜನವರಿ 16ರ ಬೆಳಗ್ಗೆ ಎರಡೂ ಜೋಡಿಯಾದವು.

ಇನ್ನು ರಿಯಲಿಸಂ ಓವರ್‌ಹಾಲ್ ಬಗ್ಗೆ. ಇದು ಆಟಗಾರರೇ ಮಾಡಿ ಉಚಿತವಾಗಿ ಕೊಡುವ ಮಾಡ್, ಅಂದರೆ ಆಟವನ್ನು ಬದಲಿಸುವ ಸೇರ್ಪಡೆ. ಇದರ ಜೊತೆ ರಿಯಲ್ ಸೋಲಾರ್ ಸಿಸ್ಟಮ್ ಹಾಕಿದರೆ ಪುಟ್ಟ ಕರ್ಬಿನ್ ಹೋಗಿ ನಿಜವಾದ ಭೂಮಿ ಬರುತ್ತೆ. ಕರ್ಬಿನ್ ಕಕ್ಷೆಗೆ ಏರಲು ಡೆಲ್ಟಾ-ವಿ, ಅಂದರೆ ರಾಕೆಟ್ ತನ್ನ ವೇಗವನ್ನು ಒಟ್ಟು ಎಷ್ಟು ಬದಲಿಸಬಲ್ಲದು ಅನ್ನೋ ಲೆಕ್ಕ, ಸೆಕೆಂಡಿಗೆ ಸುಮಾರು 3,400 ಮೀಟರ್ ಸಾಕು. ಭೂಮಿಗೆ ಸುಮಾರು 9,400 ಬೇಕು. ಮೂರು ಪಟ್ಟಿಗಿಂತ ಕಡಿಮೆ ಅಲ್ವಾ ಅನ್ನಿಸಬಹುದು. ಆದರೆ 1903ರಲ್ಲಿ ಸಿಯೊಲ್ಕೊವ್‌ಸ್ಕಿ ಪ್ರಕಟಿಸಿದ ಸಮೀಕರಣದಲ್ಲಿ ಹಾಗೆ ನೇರ ಲೆಕ್ಕ ಇಲ್ಲ. ಇಂಧನ ಎತ್ತಲು ಇನ್ನಷ್ಟು ಇಂಧನ ಬೇಕು. 300 ಸೆಕೆಂಡ್ ಐಎಸ್‌ಪಿಯ (ಎಂಜಿನ್ ಇಂಧನವನ್ನು ಎಷ್ಟು ಚೆನ್ನಾಗಿ ಬಳಸುತ್ತೆ ಅನ್ನೋ ಅಳತೆ) ಎಂಜಿನ್ ಹಾಕಿ, ಖಾಲಿಯಾದ ಹಂತ ಕಳಚದೆ ಹೋಗುತ್ತೇನೆ ಅಂದರೆ, 100 ಟನ್ ರಾಕೆಟ್ಟಿನಲ್ಲಿ ಕರ್ಬಿನ್‌ನಲ್ಲಿ 31 ಟನ್ ಉಳಿಯುತ್ತೆ. ಭೂಮಿಯಲ್ಲಿ ಉಳಿಯೋದು ಬರೀ 4 ಟನ್. ಟ್ಯಾಂಕು, ಎಂಜಿನ್ನು, ಉಪಗ್ರಹ ಎಲ್ಲಾ ಆ ನಾಲ್ಕರಲ್ಲೇ ಆಗಬೇಕು. ಪಿಎಸ್‌ಎಲ್‌ವಿಗೆ ನಾಲ್ಕು ಹಂತ ಯಾಕೆ ಅಂತ ಈ ಲೆಕ್ಕ ಮಾಡಿದಾಗ ಗೊತ್ತಾಯಿತು.

ನಮ್ಮ ಶಾಪ್‌ಗೆ ಕೆಲವೊಮ್ಮೆ ಅಲ್ಯೂಮಿನಿಯಂ ಜಾಬ್ ಬರುತ್ತೆ. ದಿಮ್ಮಿಯ ಮುಕ್ಕಾಲು ಪಾಲು ಚಿಪ್ ಆಗಿ ಹೋಗುತ್ತೆ. ಇಷ್ಟು ಮೆಟೀರಿಯಲ್ ದಂಡ ಅಂತ ಮೊದಲು ಬೇಜಾರಾಗುತ್ತಿತ್ತು. ರಾಕೆಟ್ ಲೆಕ್ಕ ಮಾಡಿದ ಮೇಲೆ ತೂಕ ಇಳಿಸುವುದರ ಬೆಲೆ ಗೊತ್ತಾಯಿತು. ಈಗ ಆ ತರಹದ ಡ್ರಾಯಿಂಗ್ ಬಂದರೆ ಒಂದೊಂದು ಪಾಕೆಟ್ಟನ್ನೂ, ಅಂದರೆ ಕೊರೆದು ತೆಗೆಯುವ ಗುಳಿಯನ್ನೂ, ಗಮನ ಇಟ್ಟು ಮಾಡುತ್ತೇನೆ.

ಮಾಡ್‌ನಲ್ಲಿ ಎಂಜಿನ್ನುಗಳೂ ನಿಜದ ಹಾಗೇ. ಹೆಚ್ಚಿನವನ್ನು ಬೇಕೆಂದಾಗ ಆರಿಸಿ ಮತ್ತೆ ಹೊತ್ತಿಸಲು ಆಗಲ್ಲ. ತೂಕವಿಲ್ಲದ ಕಡೆ ಇಂಧನ ಟ್ಯಾಂಕಿನೊಳಗೆ ತೇಲುತ್ತಿರುತ್ತೆ. ಪುಟ್ಟ ಥ್ರಸ್ಟರ್‌ಗಳಿಂದ ಸ್ವಲ್ಪ ತಳ್ಳಿ, ಅದು ತಳಕ್ಕೆ ಕೂತ ಮೇಲೆ ಎಂಜಿನ್ ಹೊತ್ತಿಸಬೇಕು. ಇದು ಗೊತ್ತಿಲ್ಲದೆ ಎರಡು ವಾರ ಕಷ್ಟಪಟ್ಟು ಕಟ್ಟಿದ ಚಂದ್ರನೌಕೆ ಕಳೆದುಕೊಂಡೆ.

ಕೊರತೆಗಳೂ ಇವೆ. ಮೂಲ ಆಟದಲ್ಲಿ ನೌಕೆಯ ಮೇಲೆ ಒಂದು ಹೊತ್ತಿಗೆ ಒಂದೇ ಕಾಯದ ಗುರುತ್ವ ಕೆಲಸ ಮಾಡುತ್ತೆ. ಹಾಗಾಗಿ ಸೂರ್ಯನನ್ನು ನೋಡುವ ಇಸ್ರೋ ನೌಕೆ ಆದಿತ್ಯ-ಎಲ್1 ಇರುವಂಥ ಜಾಗವೇ, ಅಂದರೆ ಸೂರ್ಯ ಮತ್ತು ಭೂಮಿಯ ನಡುವಿನ ಎಲ್1 ಬಿಂದುವೇ, ಅಲ್ಲಿಲ್ಲ. ಸೂರ್ಯ, ಭೂಮಿ ಎರಡೂ ಎಳೆದರೆ ತಾನೇ ಎಲ್1? ಅದಕ್ಕೆ ಎಲ್ಲಾ ಕಾಯಗಳ ಗುರುತ್ವವನ್ನೂ ಒಟ್ಟಿಗೆ ಲೆಕ್ಕ ಹಾಕುವ ಪ್ರಿನ್ಸಿಪಿಯಾ ಮಾಡ್ ಬೇಕು. ಉದ್ದನೆಯ ರಾಕೆಟ್ ಅಲುಗಾಡುತ್ತೆ, ಸ್ಟ್ರಟ್ ಹಾಕಿ ಬಿಗಿ ಮಾಡಬೇಕು. ಹಣ, ಗುತ್ತಿಗೆ ನೋಡಿಕೊಂಡು ಆಡುವ ಕೆರಿಯರ್ ಮೋಡ್ ನನಗೆ ಹಿಡಿಸಲಿಲ್ಲ. ಆಟದಲ್ಲಿ ಕನ್ನಡ ಇಲ್ಲದಿರುವುದು ನನಗೆ ನಿಜವಾಗಿ ಬೇಸರ. ನಾವು ಮನೆಯಲ್ಲಿ 'ಮೇಲಿನ ತುದಿ', 'ಕೆಳಗಿನ ತುದಿ' ಅಂತಲೇ ಹೇಳಿಕೊಳ್ಳುತ್ತೇವೆ.

ಕೊಳ್ಳುವವರಿಗೆ: 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಮೂಲ ಆಟ ನನಗೆ ಚೆನ್ನಾಗಿಯೇ ನಡೆಯಿತು. ಮಾಡ್‌ಗಳಿಗೆ ಸಾಲಲಿಲ್ಲ. ಎಸ್.ಪಿ. ರಸ್ತೆಗೆ ಹೋಗಿ ಇನ್ನೊಂದು 8 ಜಿಬಿ ತಂದು ಹಾಕಿದೆ. ಮೊದಲೇ ಮಾಡ್ ಹಾಕಬೇಡಿ. ಮನ್‌ಗೆ, ಅಂದರೆ ಕರ್ಬಿನ್ನಿನ ಚಂದ್ರನಿಗೆ, ಹೋಗಿ ಇಳಿದು ವಾಪಸ್ ಬನ್ನಿ, ಒಮ್ಮೆ ಡಾಕಿಂಗ್ ಮಾಡಿ, ಆಮೇಲೆ ಹಾಕಿ. ನಾವೀಗ ಪ್ರಿನ್ಸಿಪಿಯಾದಲ್ಲಿ ಎಲ್1 ಕಡೆ ಹೊರಟಿದ್ದೇವೆ. 15 ಲಕ್ಷ ಕಿ.ಮೀ.ನಲ್ಲಿ 9 ಲಕ್ಷ ಆಗಿದೆ. ಮಗಳ ಪರೀಕ್ಷೆ ಮುಗಿಯುವವರೆಗೆ ಆಟ ನಿಲ್ಲಿಸಿ ಇಟ್ಟಿದ್ದೇವೆ.